ಉಪಕರಣಗಳ ಶರಣಾಗತಿ: ಒಂದು ಶಾಸ್ತ್ರೀಯ ವಿಚಾರ

ಜಡಪದಾರ್ಥಕ್ಕೆ ಪರಚಿಂತೆಯಿಲ್ಲವೆಂದು ಪ್ರಾಚೀನರು ನಂಬಿದ್ದರು. ಆದರೆ ಈ ಕಾಲದ ಜಡಪದಾರ್ಥಗಳು, ಅಂದರೆ ಗುಡಿಸುವ ಯಂತ್ರ, ಕರೆಗಂಟೆ, ಬಲ್ಬು, ಒಬ್ಬನೇ ಕುಳಿತು ಆಡುವ ಆಟ ಮೊದಲಾದವು, ತಾವಿರುವ ಮನೆಯಲ್ಲಿ ತಮಗೆ ಗತಿಯಿಲ್ಲವೆಂದು ಅರಿತು, ಎಲ್ಲಿಯೋ ಅಗೋಚರವಾಗಿ ನೆಲಸಿರುವ ಸರ್ವರ್ ಎಂಬ ಪರದೈವದ ಅನುಗ್ರಹವಿಲ್ಲದೆ ಮಿಸುಕಲಾರೆವೆಂಬ ನಿಶ್ಚಯಕ್ಕೆ ಬಂದಿರುವುದರಿಂದ, ಅವುಗಳ ಭಕ್ತಿಯನ್ನು ಶಾಸ್ತ್ರರೀತ್ಯಾ ಪರಿಶೀಲಿಸುವುದು ವಿದ್ವಾಂಸರಿಗೆ ಕರ್ತವ್ಯವಾಗಿದೆ. ಕೊಂಡವನು ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲ. ಅವನು ಹಣ ತೆತ್ತವನು ಮಾತ್ರ.

ಶ್ರೀವೈಷ್ಣವರ ಶರಣಾಗತಿಯಲ್ಲಿ ಎರಡು ಪಕ್ಷಗಳುಂಟೆಂಬುದನ್ನು ಮೇಲುಕೋಟೆಯ ಕಡೆಯವರಿಗೆ ಹೇಳಬೇಕಾಗಿಲ್ಲ. ತಾಯನ್ನು ತಾನೇ ಅವುಚಿಕೊಳ್ಳುವ ಕೋತಿಮರಿಯ ನ್ಯಾಯ ವಡಗಲೆಯವರದು. ತಾಯಿ ಕಚ್ಚಿ ಒಯ್ದಲ್ಲಿಗೆ ಹೋಗುವ ಬೆಕ್ಕಿನಮರಿಯ ನ್ಯಾಯ ತೆಂಗಲೆಯವರದು. ಉಪಕರಣಗಳಲ್ಲಿಯೂ ಇದೇ ಭೇದ. 2021ರ ಡಿಸೆಂಬರ್ 7ರಂದು ಅಮೆರಿಕದಲ್ಲಿ ಅಮೆಜಾನಿನ ಕ್ಲೌಡ್ ಸೇವೆ ಗಂಟೆಗಟ್ಟಲೆ ಮೂರ್ಛೆಹೋದಾಗ, ರೂಂಬಾ ಎಂಬ ಗುಡಿಸುವ ಯಂತ್ರವು ಒಡೆಯನ ಫೋನಿಗೆ ಓಗೊಡದಿದ್ದರೂ, ಬಗ್ಗಿ ಗುಂಡಿಯೊತ್ತಿದರೆ ಗುಡಿಸುವಷ್ಟು ಸ್ವಪ್ರಯತ್ನವನ್ನು ಉಳಿಸಿಕೊಂಡಿತ್ತು, ಇದು ಮರ್ಕಟಪಕ್ಷ. ಮನೆಯ ದೀಪ ಬೀಗಗಳನ್ನು ನಡೆಸುತ್ತಿದ್ದ ರಿವಾಲ್ವ್ ಎಂಬ ಪೆಟ್ಟಿಗೆಯಾದರೋ ಅಪ್ಪಟ ಮಾರ್ಜಾಲಪಕ್ಷದ್ದು: ಅದನ್ನು ಕೊಂಡುಕೊಂಡಿದ್ದ ನೆಸ್ಟ್ ಸಂಸ್ಥೆ 2016ರ ಮೇ ತಿಂಗಳಲ್ಲಿ ಸರ್ವರನ್ನು ಆರಿಸಿತು, ಮುನ್ನೂರು ಡಾಲರಿನ ಮರಿ ಬಿದ್ದಲ್ಲಿಯೇ ಬಿದ್ದಿತು.

ಇಲ್ಲಿ ಪೂರ್ವಪಕ್ಷ: ಸರ್ವರಿಲ್ಲದೆ ವಸ್ತುವಿಗೆ ಕಾರ್ಯಸಾಮರ್ಥ್ಯವೇ ಇಲ್ಲವಲ್ಲ? 2013ರಲ್ಲಿ ಸಿಮ್‌ಸಿಟಿ ಎಂಬ ಆಟದ ಕರ್ತೃಗಳು ಹೀಗೆಯೇ ವಾದಿಸಿದರು. ಆಟದ ಗಣಿತವೆಲ್ಲ ದೂರದಲ್ಲಿ ನಡೆಯುವುದಾದ್ದರಿಂದ ಸಂಪರ್ಕವನ್ನು ಕಡಿಯಲಾಗದೆಂದರು. ಮರುವರ್ಷ ತಾವೇ ಕಡಿದುಕೊಟ್ಟರು. ಸಿದ್ಧಾಂತಿಯು ಇದಕ್ಕೆ ಉತ್ತರ ಹೇಳುವ ಶ್ರಮವನ್ನು ಪೂರ್ವಪಕ್ಷಿಯೇ ತಪ್ಪಿಸಿದ್ದು ತರ್ಕಶಾಸ್ತ್ರದಲ್ಲಿ ಅಪರೂಪದ ಸೌಜನ್ಯ.

ಪ್ರತ್ಯಕ್ಷಪ್ರಮಾಣಕ್ಕೆ ಜೂಸಿರೋ ಯಂತ್ರಕ್ಕಿಂತ ಮಿಗಿಲಾದ ಉದಾಹರಣೆಯಿಲ್ಲ. ಹಣ್ಣು ತರಕಾರಿಗಳನ್ನು ಕೊಚ್ಚಿ ತುಂಬಿದ ಚೀಲವನ್ನು ಹಿಂಡಿ ರಸ ತೆಗೆಯುವ, 2016ರಲ್ಲಿ 699 ಡಾಲರಿಗೆ ಮಾರಾಟಕ್ಕೆ ಬಂದ ಈ ಮಹಾಯಂತ್ರವು, ಚೀಲದ ಮೇಲಿನ ಕ್ಯೂಆರ್ ಸಂಕೇತವನ್ನು ಓದಿ, ವೈಫೈ ಮೂಲಕ ಸರ್ವರಿನಲ್ಲಿ ವಿಚಾರಿಸಿ, ಚೀಲವು ಸ್ವಸಂಸ್ಥೆಯದೆಂದೂ ಅದರ ಅವಧಿ ಮೀರಿಲ್ಲವೆಂದೂ ಅಪ್ಪಣೆಯಾದ ಬಳಿಕವೇ ಹಿಂಡುತ್ತಿತ್ತು. ಕ್ಯಾರೆಟ್ಟಿನ ಕುಲಗೋತ್ರಗಳನ್ನು ಇಷ್ಟು ಶ್ರದ್ಧೆಯಿಂದ ವಿಚಾರಿಸಿದವರು ನಮ್ಮಲ್ಲಿ ವಧೂವರಾನ್ವೇಷಣೆಗೆ ಹೊರಟ ಸೋದರತ್ತೆಯರು ಮಾತ್ರ. 2017ರ ಏಪ್ರಿಲಿನಲ್ಲಿ ಬ್ಲೂಂಬರ್ಗ್ ವರದಿಗಾರರು ಅದೇ ಚೀಲವನ್ನು ಬರಿಗೈಯಲ್ಲಿ ಹಿಂಡಿದರು. ಹೆಚ್ಚುಕಡಿಮೆ ಅಷ್ಟೇ ರಸ, ಯಂತ್ರಕ್ಕಿಂತ ಬೇಗನೆ, ಬಂದಿತು. ಕೈಗಳಿಗೆ ಪಾಸ್‌ವರ್ಡ್ ಇರಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಆ ಸೆಪ್ಟೆಂಬರಿನಲ್ಲಿ ಸಂಸ್ಥೆ ಮುಚ್ಚಿತು. ಯಂತ್ರವು ಅವಧಿ ಮೀರಿದ ಚೀಲವನ್ನು ತಡೆದು ಕೊಂಡವನ ಆರೋಗ್ಯವನ್ನು ಕಾಯುತ್ತಿತ್ತೆಂದು ಭಾಷ್ಯಕಾರರು ಸಮರ್ಥಿಸುತ್ತಾರೆ. ಚೀಲದ ಮೇಲೆ ಅಚ್ಚಾದ ದಿನಾಂಕವನ್ನು ಓದಬಲ್ಲವರನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ.

ಸರ್ವರನ್ನೊಪ್ಪದ ನಾಸ್ತಿಕಮತವೂ ಒಂದುಂಟು. ಈಳಿಗೆಮಣೆ, ಒರಳುಕಲ್ಲು, ಹಬ್ಬಹುಣ್ಣಿಮೆಗಳಲ್ಲಿ ಅಟ್ಟದಿಂದಿಳಿಯುವ ಶ್ಯಾವಿಗೆ ಒರಳು ಇದರ ಅನುಯಾಯಿಗಳು. ಹಾಕಿದ ಹಿಟ್ಟು ಯಾರದೆಂದು ಕೇಳದೆ ಒತ್ತಿಕೊಡುವ ಈ ಸ್ವೇಚ್ಛಾಚಾರಿಗಳಿಗೆ ಶಾಸ್ತ್ರದಲ್ಲಿ ಸದ್ಗತಿ ಹೇಳಿಲ್ಲ. ಇವುಗಳಿಗೂ ದೀಕ್ಷೆ ಕೊಡಿಸಲು ಯಾವನಾದರೂ ಉದ್ಯಮಿ ಹೊರಟಿರಬಹುದಾದುದರಿಂದ, ಅವುಗಳ ವಿಚಾರವನ್ನು ಸದ್ಯಕ್ಕೆ ಮುಂದಿನ ಆವೃತ್ತಿಗೆ ಬಿಡಲಾಗಿದೆ.