ಕ್ಷೇಮವೇ ನಷ್ಟವಾದವರು

ವಿಮಾಕಂತನ್ನು ಕಟ್ಟಿದ ಮೇಲೆ ವರ್ಷವೆಲ್ಲ ಯಾವ ಅನಾಹುತವೂ ಸಂಭವಿಸದೆ ಹೋದರೆ ಅದನ್ನು ದೈವಾನುಗ್ರಹವೆಂದು ಬಗೆಯದೆ, ಹಣ ತೆತ್ತು ಪಂಕ್ತಿಯಲ್ಲಿ ಕುಳಿತವನನ್ನು ಬಡಿಸದೆಯೇ ಎಬ್ಬಿಸಿದಂತೆ ನೊಂದುಕೊಳ್ಳುವ ಮಹನೀಯರ ವರ್ಗವೊಂದು ನಮ್ಮಲ್ಲುಂಟು; ಮೈಸೂರಿನ ದೇವರಾಜ ಅರಸು ರಸ್ತೆಯ ಆಸುಪಾಸಿನಲ್ಲಿ ಸೀರೆಯಂಗಡಿ, ಬೇಕರಿ, ದಿನಸಿ ಮಳಿಗೆಗಳ ಬಾಗಿಲಿಗೆ ಒಂದೊಂದರಂತೆ ಆಟಿಕೆಯ ಯಂತ್ರಗಳನ್ನು ನಿಲ್ಲಿಸಿಕೊಂಡಿರುವ ನಮ್ಮ ರಾಯರು ಆ ವರ್ಗಕ್ಕೆ ಶಿರೋಮಣಿಗಳು.

ಯಂತ್ರವೆಂದರೆ ಘನವಾದುದೇನಲ್ಲ. ಹತ್ತು ರೂಪಾಯಿಯ ನಾಣ್ಯವಿಟ್ಟು ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಗುಂಡೊಂದು ಉರುಳಿ ಬರುವುದು. ಅದರೊಳಗೆ ಉಂಗುರವೋ ಡೈನೋಸಾರೋ ಇರುವುದು, ಮಗು ಬಯಸಿದುದು ಮಾತ್ರ ಇರದು. (ಆ ನಾಣ್ಯದ 14 ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಸಾರಿದ ಮೇಲೂ ಎಷ್ಟೋ ಅಂಗಡಿಗಳವರು ಅದನ್ನು ಕಂಡು ಮುಖ ತಿರುವುತ್ತಿದ್ದ ಕಾಲದಲ್ಲಿ, ನಿಸ್ಸಂಕೋಚವಾಗಿ ಸ್ವೀಕರಿಸಿದ ಔದಾರ್ಯ ಈ ಯಂತ್ರಗಳದೇ.)

ಒಂದೆಡೆಯಲ್ಲಿ 5 ಕೋಟಿ ರೂಪಾಯಿ ಮೀರದ ಆಸ್ತಿಯುಳ್ಳವರಿಗಾಗಿ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯನ್ನು ಕೊಂಡಂದಿನಿಂದ ರಾಯರ ನಡಿಗೆಗೆ ಉದ್ಯಮಪತಿಯ ಗಾಂಭೀರ್ಯ ಬಂದಿತು. ಅಗ್ನಿ, ಸಿಡಿಲು, ಭೂಕಂಪ, ಪ್ರವಾಹ, ದೊಂಬಿ ಎಂದು ಅದರಲ್ಲಿನ ವಿಪತ್ತುಗಳನ್ನು ಅವರು ಸಹಸ್ರನಾಮದ ಶ್ರದ್ಧೆಯಿಂದ ಪಠಿಸುವರು. "ಕ್ಷಿಪಣಿ ಪರೀಕ್ಷೆಯಿಂದ ಹಾನಿಯಾದ್ರೂ ಕೊಡ್ತಾರೆ ಕಣ್ರೀ!" ಎನ್ನುವಾಗ, ಒಡಿಶಾದ ಕರಾವಳಿಯಿಂದ ಹಾರಿದುದೊಂದು ದಾರಿತಪ್ಪಿಯಾದರೂ ಇತ್ತ ಬಂದೀತೆ ಎಂಬ ಆಸೆ ಅವರ ಕಣ್ಣಿನಲ್ಲಿ ಮಿನುಗದಿರದು. ಮಳೆಗಾಲದಲ್ಲಿ ಒಮ್ಮೆ ಚರಂಡಿ ಉಕ್ಕಿ ನೀರು ಬೇಕರಿಯ ಎರಡನೆಯ ಮೆಟ್ಟಿಲವರೆಗೆ ಏರಿದಾಗ ಕೊಡೆ ಹಿಡಿದು ಧಾವಿಸಿದ ರಾಯರು, ಬೇಕರಿಯವನು ಮರಳಿನ ಮೂಟೆಗಳನ್ನು ಅಡ್ಡವಿಟ್ಟುದನ್ನು ಕಂಡು ಅವನ ಸಂಗಡ ವಾರವೆಲ್ಲ ಮಾತು ಬಿಟ್ಟರು. ಹಿಡಿ ಸವೆದು ಯಂತ್ರವೊಂದು ನಿಂತಿತು, ಸವೆತಕ್ಕೆ ಪರಿಹಾರವಿಲ್ಲ.

ಕಟ್ಟಕಡೆಗೆ ಕಳವಾಯಿತು. ರಾಯರು ಮಂದಸ್ಮಿತರಾಗಿ ಏಜೆಂಟನನ್ನು ಕರೆಸಿದರು.

"ರಾಯರೇ, ಈ ಪಾಲಿಸೀಲಿ ಕಳವಿಗೆ ದುಡ್ಡು ಸಿಗೋದು, ಬೆಂಕಿಯೋ ಭೂಕಂಪವೋ ಆಗಿ 7 ದಿನದೊಳಗೆ ಕದ್ದಿದ್ರೆ ಮಾತ್ರ."

"ಅಂದ್ರೆ ಕಳ್ಳ ಪಂಚಾಂಗ ನೋಡ್ಕೊಂಡು ಬರಬೇಕೇನಯ್ಯಾ?"

"ಕನ್ನಗಳವಿಗೆ ಬೇರೆ ಪಾಲಿಸಿ ಇದೆ ಸ್ವಾಮಿ. ಆದ್ರೆ ಬೀಗ ಒಡೆದ ಗುರುತು ಇರಬೇಕು."

ಗುರುತೆಲ್ಲಿಂದ ಬರಬೇಕು? ರಾಯರೇ ಬೇಕರಿಯ ಮೊಳೆಗೆ ತೂಗುಹಾಕಿದ್ದ ಕೀಲಿಕೈಯಿಂದ ಬೀಗ ತೆರೆದು, ಗುಂಡುಗಳನ್ನೂ ನಾಣ್ಯಗಳನ್ನೂ ಬರಿದುಮಾಡಿ, ಮರಳಿ ಬೀಗ ಹಾಕಿ, ಕೀಲಿಕೈಯನ್ನು ಯಥಾಸ್ಥಾನದಲ್ಲಿರಿಸಿ ಹೋಗಿದ್ದ ಆ ಚೋರನ ಸಭ್ಯತೆಯನ್ನು ರಾಯರು ನಿಂದಿಸಿದಷ್ಟು ಕಟುವಾಗಿ ಅವನ ಚೌರ್ಯವನ್ನು ನಿಂದಿಸಿದುದನ್ನು ನಾನು ಕೇಳಲಿಲ್ಲ.

ಅವಧಿ ಮುಗಿದೊಡನೆ ಪಾಲಿಸಿಯನ್ನು ನವೀಕರಿಸಿದರು, ಕನ್ನಗಳವಿನದನ್ನೂ ಸೇರಿಸಿದರು. ಅದೇ ಸಂಜೆ ಹೊಸ ಬೀಗಗಳಿಗಾಗಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಬಹು ಹೊತ್ತು ಒಂದೊಂದನ್ನೇ ಎಳೆದೆಳೆದು ನೋಡಿ, ಧ್ವನಿ ತಗ್ಗಿಸಿ ಕೇಳಿದರು: "ಕೀಲಿಕೈಯಲ್ಲಿ ತೆಗೆಯೋಕೆ ಕಷ್ಟವಾಗಿ, ಒಡೆಯೋಕೆ ಸಲೀಸಾಗಿರೋದು ಯಾವುದಾದ್ರೂ ಇದೆಯೇನಪ್ಪಾ?"