ಗುಪ್ತೋಷ್ಣ

ಪಿಯುಸಿ ಹುಡುಗರಿಗೆ ಇಪ್ಪತ್ತೆರಡು ವರ್ಷದಿಂದ ಗುಪ್ತೋಷ್ಣದ ಪಾಠ ಮಾಡುತ್ತಿದ್ದೇನೆ. ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ, ಆವಿ ಮತ್ತೆ ದ್ರವವಾಗುವಾಗ ಹೀರಿದ್ದನ್ನು ಹೊರಗೆ ಕಕ್ಕುತ್ತದೆ. ಫ್ರಿಜ್ಜಾಗಲಿ, ಏಸಿಯಾಗಲಿ, ಒಳಗಿರುವುದು ಇಷ್ಟೇ. ಹೀಗಾಗಿ ಮೇ ತಿಂಗಳಲ್ಲಿ, ಕಲಬುರಗಿಯಲ್ಲಿ 43 ಡಿಗ್ರಿ ಬಿಸಿಲು ಕಾಯುತ್ತಿದ್ದಾಗ ನಮ್ಮ ಕಾರಿನ ಏಸಿ ಬೆಚ್ಚಗೆ ಊದತೊಡಗಿದರೆ ನನಗೆ ಒಳಗೊಳಗೇ ಖುಷಿಯಾಯಿತು. ಪ್ರಶ್ನೆ ಸಿಲೆಬಸ್ಸಿನೊಳಗಿಂದಲೇ ಬಂದಿತ್ತು.

"ಗಾಡಿ ಓಡುವಾಗ ತಣ್ಣಗ ಬರ್ತದ, ನಿಂತ್ರ ಬಿಸಿ ಆಗ್ತದ. ನೋಡೀರೇನ್ರಿ?" ಎಂದಳು ಹೆಂಡತಿ.

"ಅದು ಮನಸಿನ ಭ್ರಮೆ" ಎಂದೆ. ಮದುವೆಯಾದ ಮೇಲೆ ನಾನಾಡಿದ ಮಾತುಗಳಲ್ಲಿ ಆಕೆ ತಾರೀಖಿನ ಸಮೇತ ನೆನಪಿಟ್ಟಿರುವುದು ಇದೊಂದೇ.

ಮೊದಲು ಡ್ಯಾಶ್‌ಬೋರ್ಡಿನ ಖಾನೆ ಬಿಚ್ಚಿ ಅದರ ಹಿಂದಿನ ಫಿಲ್ಟರ್ ಎಳೆದೆ. ಬೇವಿನೆಲೆ, ಧೂಳು, ಯಾವುದೋ ಹಕ್ಕಿಯ ಪುಕ್ಕ ಸೇರಿ ಅದು ಕಸಬರಿಗೆಯ ತುದಿಯಂತಾಗಿತ್ತು. ಹೊಸದು ಹಾಕಿ ಖಾನೆ ಕೂರಿಸಿದೆ. ಎರಡು ಸ್ಕ್ರೂ ಉಳಿದವು. ಗಾಳಿ ಮಾತ್ರ ಸುಧಾರಿಸಿತು. ಅಲ್ಲಿಯವರೆಗೆ ಮೆಲ್ಲಗೆ ಬರುತ್ತಿದ್ದ ಬಿಸಿಗಾಳಿ ಈಗ ರಭಸದಿಂದ ಬರತೊಡಗಿತು.

ಆಮೇಲೆ ಬಾನೆಟ್ ಎತ್ತಿ, ಮಗನಿಗೆ ಏಸಿ ಸ್ವಿಚ್ ಒತ್ತಲು ಹೇಳಿ ಕಿವಿಗೊಟ್ಟೆ. 'ಟಕ್' ಎಂದು ಕಂಪ್ರೆಸರಿನ ಕ್ಲಚ್ ಹಿಡಿಯಿತು. ಸರಿ, ಅದು ಜೀವಂತ. ಮುಂದೆ ರೇಡಿಯೇಟರ್ ಬಳಿ ಫ್ಯಾನ್ ತಿರುಗುತ್ತಿತ್ತು. ಅದೂ ಸರಿ. ಅಲ್ಲಿ ಫ್ಯಾನ್ ಎರಡಿವೆ, ತಿರುಗುತ್ತಿದ್ದದ್ದು ಒಂದೇ ಎಂಬುದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ರಿಂಗ್ ರೋಡಿನ ಅಂಗಡಿಯವನಂತೂ ಬಾನೆಟ್ ತೆರೆಯುವ ಮೊದಲೇ ತೀರ್ಪು ಕೊಟ್ಟ: "ಗ್ಯಾಸ್ ಖಾಲಿ ಆಗ್ಯಾದ್ರಿ ಸರ್." ಏಸಿ ಗ್ಯಾಸು ಪೆಟ್ರೋಲಿನಂತೆ ಉರಿದು ತೀರುವಂಥದ್ದಲ್ಲ, ಪೈಪಿನೊಳಗೇ ಸುತ್ತುತ್ತಿರುತ್ತದೆ, ಕಡಿಮೆಯಾಗಿದ್ದರೆ ಎಲ್ಲೋ ಸೋರಿರಬೇಕು, ಮೊದಲು ಆ ತೂತು ಹುಡುಕಬೇಕು. ಪರೀಕ್ಷೆಯಲ್ಲಿ ಕೇಳಿದ್ದರೆ ಇದಕ್ಕೆ ಪೂರ್ತಿ ಅಂಕ ತೆಗೆಯುತ್ತಿದ್ದೆ. ಆದರೆ ಅವನು ನೀಲಿಯದೊಂದು, ಕೆಂಪಿನದೊಂದು ಮೀಟರ್ ತಂದು ತೂಗುಹಾಕಿದ್ದೇ ತಡ, ನನ್ನ ಎಂ.ಎಸ್ಸಿ. ಆವಿಯಾಯಿತು. ಎಷ್ಟು ಗ್ರಾಂ ತುಂಬಬೇಕೆಂದು ಬಾನೆಟ್ಟಿನ ಒಳಮೈಯಲ್ಲೇ ಚೀಟಿ ಅಂಟಿಸಿತ್ತು. ಅವನು ಅದನ್ನು ಓದಲಿಲ್ಲ, ನಾನು ಓದಿ ಹೇಳಲಿಲ್ಲ. "ನಮ್ಮ ಕಡಿ ಬಿಸ್ಲು ಭಾಳ ಅದಲ್ರಿ, ಒಂದೀಟು ಜಾಸ್ತಿನೇ ಹಾಕೀನಿ" ಎಂದು ಸಂತೆಯಲ್ಲಿ ಮೆಣಸಿನಕಾಯಿಯ ಕೊಸರು ಹಾಕಿದಂತೆ ಹಾಕಿದ. 1,800 ರೂಪಾಯಿ ಕೊಟ್ಟು, ಕೊಸರಿಗೆ ಪ್ರತ್ಯೇಕವಾಗಿ ಧನ್ಯವಾದ ಹೇಳಿ ಬಂದೆ. ಗ್ಯಾಸ್ ಹೆಚ್ಚಾದರೆ ಒತ್ತಡ ಏರಿ ತಂಪು ಇನ್ನೂ ಕಡಿಮೆಯಾಗುತ್ತದೆ ಎಂಬುದೂ ನನಗೆ ಗೊತ್ತಿದ್ದ ವಿಷಯವೇ.

ಭಾನುವಾರ ಸೇಡಂನಲ್ಲಿ ಮದುವೆ. ಹಿಂದಿನ ಸೀಟಿನಲ್ಲಿ ಅತ್ತೆಯವರು. ಊರು ದಾಟಿ ವೇಗ ಹಿಡಿದೊಡನೆ ಗಾಳಿ ತಣ್ಣಗಾಯಿತು. "ನೋಡಿದ್ರಾ?" ಎಂದು ಕನ್ನಡಿಯಲ್ಲಿ ಎಲ್ಲರ ಮುಖ ನೋಡಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹತ್ತಿರ ಸಿಮೆಂಟ್ ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದೆವು. ಎರಡೇ ನಿಮಿಷದಲ್ಲಿ ಕಾರು ಇಡ್ಲಿ ಪಾತ್ರೆಯಾಯಿತು. ಅತ್ತೆಯವರು ಲಗ್ನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳತೊಡಗಿದರು.

ಮರ್ಯಾದೆ ಹೋಗುವ ಹೊತ್ತಿನಲ್ಲಿ ನನಗೆ ಪಾಠ ಮಾಡುವ ಚಟ. "ಅಮೆರಿಕದಾಗ ಪ್ಯಾಕಾರ್ಡ್ ಅಂತೊಂದು ಕಾರಿತ್ತು. 1940ರ ಮಾಡೆಲ್ಲಿಗೆ ಕಾರ್ಖಾನೆಯವರೇ ಏಸಿ ಕೊಟ್ಟಿದ್ರು. ಆದ್ರ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ಬಂದ್ ಮಾಡಬೇಕಂದ್ರ ಇಂಜಿನ್ ನಿಲ್ಲಿಸಿ, ಬಾನೆಟ್ ತೆಗೆದು, ಬೆಲ್ಟ್ ಬಿಚ್ಚಬೇಕಿತ್ತು!"

ಅತ್ತೆಯವರು ಪತ್ರಿಕೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಅವ್ರಿಗೆ ಬಂದ್ ಮಾಡೋದು ತಿಳೀತಿರಲಿಲ್ಲ, ನಿಮಗ ಚಾಲೂ ಮಾಡೋದು ತಿಳೀವಲ್ದು. ಅಷ್ಟೇ ಹೌದಲ್ರಿ ಅಳಿಯಂದ್ರೆ?"

ಊಟ ಮುಗಿಸಿ ಹೊರಟಾಗ ಸೇಡಂನ ಅಂಚಿನಲ್ಲಿ ಒಂದು ಗ್ಯಾರೇಜು ತೆರೆದಿತ್ತು. ಇಪ್ಪತ್ತರ ಹುಡುಗನೊಬ್ಬ ಟೈರಿನ ಮೇಲೆ ಕೂತು ಮಂಡಾಳು ತಿನ್ನುತ್ತಿದ್ದ. ನಾನು ಗ್ಯಾಸಿನ ಒತ್ತಡದಿಂದ ಶುರು ಮಾಡಿ ವಿಷಯ ಮಂಡಿಸುತ್ತಿದ್ದೆ. ಹೆಂಡತಿ ನಡುವೆ ಬಾಯಿ ಹಾಕಿದಳು: "ಓಡುವಾಗ ತಣ್ಣಗ, ನಿಂತಾಗ ಬಿಸಿ."

"ಹಂಗಂದ್ರ ಕಂಡೆನ್ಸರ್ ಫ್ಯಾನ್ ರೀ ಅಕ್ಕಾ" ಎಂದ ಹುಡುಗ, ಕೂತಲ್ಲಿಂದಲೇ.

ಶಾಖ ಕಕ್ಕುವ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆ. ಓಡುವಾಗ ಎದುರುಗಾಳಿ ಬಡಿದು ಆರುತ್ತದೆ. ನಿಂತಾಗ ಫ್ಯಾನೇ ಗತಿ. ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಹುಡುಗ ಫ್ಯೂಸ್ ಡಬ್ಬಿ ತೆರೆದು ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ಕರಿ ರಿಲೇ ಕಿತ್ತ. ಪಕ್ಕದಿಂದ ಅಂಥದ್ದೇ ಇನ್ನೊಂದನ್ನು ಕಿತ್ತು ಅದರ ಜಾಗಕ್ಕೆ ಒತ್ತಿದ. ಸತ್ತಂತಿದ್ದ ಫ್ಯಾನ್ ಗುಂಯ್ ಎಂದು ಎದ್ದಿತು. ಐದು ನಿಮಿಷದಲ್ಲಿ ಕಾರಿನೊಳಗೆ ಮಾಘಮಾಸ. "ಗ್ಯಾಸ್ ಜಾಸ್ತಿ ಅದರಿ, ಊರಿಗೆ ಹೋಗಿ ಮಶೀನ್‌ಲಿಂದ ತೆಗೆಸಿ, ತೂಕ ಮಾಡಿ ಹಾಕಸ್ರಿ" ಎಂದು 50 ರೂಪಾಯಿ ತೆಗೆದುಕೊಂಡ.

"ಆ ಇನ್ನೊಂದು ಎದರದು?" ಎಂದೆ.

"ಹಾರ್ನಿಂದು. ಇವತ್ತ ಐತವಾರ, ಸ್ಪೇರ್ ಅಂಗಡಿ ಬಂದ್ ಅವ. ನಾಳಿ ಹೊಸಾದು ಹಾಕಸ್ರಿ."

ಏಸಿ ಇಲ್ಲದೆ ನಮ್ಮ ಹಿರಿಯರು ಬದುಕಿದ್ದಾರೆ. ಹಾರ್ನ್ ಇಲ್ಲದೆ ಈ ರಸ್ತೆಯಲ್ಲಿ ಯಾರೂ ಬದುಕಿದ ದಾಖಲೆಯಿಲ್ಲ. ಒಂದು ಕಿಲೋಮೀಟರ್ ಹೋಗುವುದರಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂತು. ಹಾರ್ನ್ ಒತ್ತಿದೆ, ಏನೂ ಇಲ್ಲ. ಕಿಟಕಿ ಇಳಿಸಿ "ಹೋಯ್" ಎಂದೆ. ತರಗತಿಯಲ್ಲಿ ಹುಡುಗರೇ ಕೇಳಿಸಿಕೊಳ್ಳದ ದನಿ, ಎಮ್ಮೆ ಏನು ಕೇಳೀತು? ಆಗ ಹಿಂದಿನ ಗಾಜು ಪೂರ್ತಿ ಇಳಿಯಿತು. ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ತಲೆ ಹೊರಗೆ ಹಾಕಿದರು.

ಕಲಬುರಗಿ ಮುಟ್ಟುವವರೆಗೆ ಎಮ್ಮೆ, ಆಟೋ, ಲಾರಿ ಯಾವುದೂ ಅಡ್ಡ ನಿಲ್ಲಲಿಲ್ಲ. ಆ ಗಾಜನ್ನಂತೂ ಅವರು ಮೇಲೇರಿಸಲೇ ಇಲ್ಲ. 43 ಡಿಗ್ರಿಯ ಗಾಳಿ ಒಳಗೆ ಧಾರಾಳವಾಗಿ ಬರುತ್ತಿತ್ತು, ಏಸಿಯೂ ಅದರ ಪಾಡಿಗೆ ಭರ್ಜರಿಯಾಗಿ ನಡೆಯುತ್ತಿತ್ತು.