ಬಾಹ್ಯಾಕಾಶ ನಿಲ್ದಾಣ: ತಾರಸಿ ಬಳಕೆದಾರರ ಕೈಪಿಡಿ

ಈ ಉಪಕರಣ ಕೊಂಡದ್ದಕ್ಕೆ ಧನ್ಯವಾದ ಹೇಳುವ ಹಾಗಿಲ್ಲ, ನೀವು ಕೊಂಡಿಲ್ಲ. ಇದರ ಮೊದಲ ತುಂಡು ಝಾರ್ಯಾ 1998ರ ನವೆಂಬರಿನಲ್ಲಿ ಮೇಲೇರಿತು. ಉಳಿದದ್ದನ್ನು ಅಮೆರಿಕ, ರಷ್ಯಾ, ಯುರೋಪ್, ಜಪಾನ್, ಕೆನಡಾದವರು ಸೇರಿ ಮೇಲೆಯೇ ಜೋಡಿಸಿದರು. 2000ದ ನವೆಂಬರಿನಿಂದ ಆ ಮನೆ ಒಂದು ದಿನವೂ ಖಾಲಿ ಬಿದ್ದಿಲ್ಲ. ನಿಮಗೆ ಉಳಿದಿರುವ ಕೆಲಸ ತಲೆಯೆತ್ತಿ ನೋಡುವುದು.

ಬೇಕಾಗುವ ಬಿಡಿಭಾಗಗಳು: ಎರಡು ಕಣ್ಣು, ಒಂದು ತಾರಸಿ, ತಾರಸಿ ಬಾಗಿಲಿನ ಬೀಗದ ಕೈ. ಅಪಾರ್ಟ್‌ಮೆಂಟಿನವರಿಗೆ ಮೂರನೆಯದು ಸುಲಭಕ್ಕೆ ಸಿಗುವುದಲ್ಲ. ಸೆಕ್ಯುರಿಟಿಯವರಿಗೆ ಹಿಂದಿನ ದಿನವೇ ಹೇಳಿಡಿ. ದೂರದರ್ಶಕ ಬೇಡ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ವೇಗವಾಗಿ ಓಡುವ ವಸ್ತುವಿಗೆ ನೀವು ಫೋಕಸ್ ಮಾಡುವಷ್ಟರಲ್ಲಿ ಅದು ಮುಂದಿನ ರಾಜ್ಯ ಸೇರಿರುತ್ತದೆ.

ನಾಸಾದ ‘ಸ್ಪಾಟ್ ದ ಸ್ಟೇಷನ್’ ಆ್ಯಪ್‌ಗೆ ಊರಿನ ಹೆಸರು ಕೊಟ್ಟರೆ ಸಮಯ, ದಿಕ್ಕು, ಎತ್ತರ ತಿಳಿಸುತ್ತದೆ. ಎತ್ತರ ಡಿಗ್ರಿಯಲ್ಲಿರುತ್ತದೆ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿಯಿರಿ, ಒಂದು ಮುಷ್ಟಿಗೆ ಸುಮಾರು 10 ಡಿಗ್ರಿ. ಮೂರು ಮುಷ್ಟಿಗಿಂತ ಕೆಳಗೆ ಹಾದುಹೋಗುವುದಿದ್ದರೆ ಎದುರು ಮನೆಯ ಸಿಂಟೆಕ್ಸ್ ಟ್ಯಾಂಕಿನ ದರ್ಶನವಷ್ಟೇ ಆದೀತು; ಊಟ ಮುಗಿಸಿ ಮಲಗುವುದು ಲೇಸು. (ಎಚ್ಚರಿಕೆ: ಕತ್ತಲಲ್ಲಿ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಆಕಾಶ ಅಳೆಯುವವರನ್ನು ಪಕ್ಕದ ಮನೆಯವರು ಬೇರೆಯೇ ರೀತಿ ಅರ್ಥಮಾಡಿಕೊಳ್ಳಬಹುದು.)

ನಡುರಾತ್ರಿ ಹತ್ತಿ ಕಾದು ಕೂತರೆ ಸಾಮಾನ್ಯವಾಗಿ ಏನೂ ಕಾಣದು. ನಿಲ್ದಾಣಕ್ಕೆ ನಮಗೆ ಕಾಣುವಂಥ ಸ್ವಂತ ದೀಪವಿಲ್ಲ, ಹೊಳೆಯುವುದೆಲ್ಲ ಬಿಸಿಲು. ನಿಮ್ಮ ಬೀದಿಗೆ ಕತ್ತಲಾಗಿರಬೇಕು, 400 ಕಿಲೋಮೀಟರ್ ಮೇಲೆ ಸೂರ್ಯ ಇನ್ನೂ ಇರಬೇಕು. ಈ ಯೋಗ ಕೂಡಿಬರುವುದು ಮುಸ್ಸಂಜೆ ಕಳೆದ ಮೇಲೆ, ಇಲ್ಲವೇ ಬೆಳಕು ಹರಿಯುವ ಮುನ್ನ.

ಮಿಣುಕುತ್ತ, ಕೆಂಪು ಹಸಿರು ದೀಪ ಬಿಟ್ಟುಕೊಂಡು ಹೋದರೆ ಅದು ದೇವನಹಳ್ಳಿಗೆ ಇಳಿಯುವ ವಿಮಾನ. ನಿಂತಲ್ಲೇ ನಿಂತಿದ್ದರೆ ಶುಕ್ರ ಅಥವಾ ಗುರು. ಸದ್ದಿಲ್ಲದೆ, ಮಿಣುಕದೆ, ಪಡುವಣದ ಕಡೆಯಿಂದ ಎದ್ದು ಕೆಲವೇ ನಿಮಿಷದಲ್ಲಿ ಆಕಾಶ ದಾಟಿದರೆ ಅದೇ. ಸಂಜೆಯ ಹೊತ್ತು ಅರ್ಧ ದಾರಿಯಲ್ಲೇ ಮಂಕಾಗಿ ಆರಿಹೋದೀತು. ಉಪಕರಣ ಕೆಟ್ಟಿಲ್ಲ, ಭೂಮಿಯ ನೆರಳಿಗೆ ಹೊಕ್ಕಿದೆ. ನನ್ನ ಮಟ್ಟಿಗೆ ಇಡೀ ಪ್ರದರ್ಶನದಲ್ಲಿ ಒಳ್ಳೆಯ ಭಾಗ ಇದೇ: ಕಾಲ ಕೆಳಗಿನ ನೆಲದ ನೆರಳು ಅಷ್ಟು ಎತ್ತರದಲ್ಲಿ ಎಲ್ಲಿದೆ ಎಂದು ಕಣ್ಣಾರೆ ಗೊತ್ತಾಗುತ್ತದೆ.

ಅಜ್ಜಿಯನ್ನು ಮೇಲೆ ಕರೆತಂದಿದ್ದರೆ ಪ್ರಶ್ನೋತ್ತರಕ್ಕೆ ಸಿದ್ಧರಾಗಿರಿ.

“ಎಷ್ಟು ದೂರನೋ ಅದು?”

“ತಲೆ ಮೇಲೆ ಬಂದಾಗ ಹೆಚ್ಚುಕಡಿಮೆ ಬೆಂಗಳೂರಿನಿಂದ ಧಾರವಾಡದಷ್ಟು, ಅಜ್ಜಿ. ಅಷ್ಟು ದೂರ ಓಡೋಕೆ ಅದಕ್ಕೆ ಒಂದು ನಿಮಿಷ ಬೇಡ.”

“ಒಳಗಿರೋರು ಊಟಕ್ಕೇನು ಮಾಡ್ತಾರೆ?”

ಇಲ್ಲಿ ಧಾರವಾಡವನ್ನೇ ಮತ್ತೆ ಹಿಡಿಯಬಹುದು. 2025ರ ಜೂನ್–ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿದ್ದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರ ಪ್ರಯೋಗಕ್ಕಾಗಿ ಮೆಂತ್ಯ, ಹೆಸರುಕಾಳು ಮೊಳಕೆ ಬರಿಸಿದರು.

“ಕೋಸಂಬರಿ ಮಾಡಿದ್ರಾ?”

“ಇಲ್ಲಜ್ಜಿ, ಫ್ರೀಜರಿನಲ್ಲಿಟ್ಟರು. ಪರೀಕ್ಷೆಗೆ.”

“ಮೊಳಕೆ ಕಾಳು ಹಾಳು ಮಾಡಿದ್ರು ಬಿಡು.”

ವಾದಕ್ಕಿಳಿಯಬೇಡಿ. ಒಂದೂವರೆ ಗಂಟೆಗೆ ಭೂಮಿಯನ್ನು ಒಂದು ಸುತ್ತು ಹಾಕುವ ವಸ್ತು ಯಾರ ಮಾತಿಗೂ ಕಾಯುವುದಿಲ್ಲ.

ಮೋಡಕ್ಕೆ ವಾರಂಟಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯ ಗ್ರಾಹಕರ ದೂರು ಸ್ವೀಕರಿಸಲಾಗದು.

ವಿಲೇವಾರಿ: ಸುಮಾರು 420 ಟನ್ ತೂಕದ ಈ ಉಪಕರಣವನ್ನು ಈಗಿನ ಯೋಜನೆಯಂತೆ 2030ರ ನಂತರ ಕೆಳಗಿಳಿಸುತ್ತಾರೆ. ತಳ್ಳಿ ಇಳಿಸುವ ನೌಕೆ ಕಟ್ಟಲು ನಾಸಾ 2024ರಲ್ಲಿ ಸ್ಪೇಸ್‌ಎಕ್ಸ್‌ಗೆ ಗುತ್ತಿಗೆ ಕೊಟ್ಟಿದೆ. ಬಹುಪಾಲು ಗಾಳಿಯಲ್ಲೇ ಉರಿದು, ಉಳಿದದ್ದು ಜನವಸತಿಯಿಲ್ಲದ ಸಾಗರಕ್ಕೆ ಬೀಳಬೇಕು. ಹಳೇ ಪೇಪರ್, ಖಾಲಿ ಸೀಸೆಯವನು ವಿಚಾರಿಸಿದರೆ ಇಷ್ಟು ಹೇಳಿ ಕಳುಹಿಸಿ.